ಊಟ ಆಯ್ತು ಎಂಬ ಉತ್ತರದ ಹಿಂದೆ

ಎಲ್ಲರಿಗೂ ನಮಸ್ಕಾರ. ಈ ಸಭೆಯಲ್ಲಿ ಪದವಿಪೂರ್ವ ಕಾಲೇಜುಗಳ ಉಪನ್ಯಾಸಕರಿದ್ದೀರಿ, ಹಾಸ್ಟೆಲ್ ವಾರ್ಡನ್‌ಗಳಿದ್ದೀರಿ, ಎಲ್ಲರಿಗಿಂತ ಹೆಚ್ಚಾಗಿ ತಂದೆತಾಯಿಯರಿದ್ದೀರಿ. ವೈದ್ಯರು ಕಡಿಮೆ ಇರುವುದು ನನಗೆ ಸಂತೋಷದ ಸಂಗತಿಯೇ. ಏಕೆಂದರೆ ನಾನು ಹೇಳಹೊರಟಿರುವ, ಊಟದ ಸುತ್ತ ಹುಟ್ಟುವ ಮಾನಸಿಕ ಕಾಯಿಲೆಯ ಮೊದಮೊದಲ ಲಕ್ಷಣಗಳು ಆಸ್ಪತ್ರೆಯಲ್ಲಿ ಕಾಣುವಂಥವಲ್ಲ. ಅವು ಕಾಣುವುದು ಅಡುಗೆಮನೆಯಲ್ಲಿ, ಹಾಸ್ಟೆಲ್ ಮೆಸ್ಸಿನಲ್ಲಿ, ಬಚ್ಚಲಿನ ಬಾಗಿಲ ಬಳಿ. ಅಲ್ಲಿ ಇರುವವರು ನೀವು.

ನಮ್ಮಲ್ಲಿ ಇಬ್ಬರು ಎದುರಾದರೆ ಮೊದಲು ಕೇಳುವ ಮಾತು 'ಊಟ ಆಯ್ತಾ?' ಎಂಬುದು. ಬೆಳಗಿನ ಹೊತ್ತಾದರೆ 'ತಿಂಡಿ ಆಯ್ತಾ?' ಎನ್ನುತ್ತೇವೆ. ಇದಕ್ಕೆ 'ಆಯ್ತು' ಎಂದೇ ಉತ್ತರ ಹೇಳಬೇಕೆಂಬುದು ನಮ್ಮೊಳಗಿನ ಅಲಿಖಿತ ಒಪ್ಪಂದ. ಹೊಟ್ಟೆ ಹಸಿದವನೂ ಸಂಕೋಚಪಟ್ಟು ಹಾಗೆಯೇ ಹೇಳುತ್ತಾನೆ, ಕೇಳಿದವರೂ ಅದರಾಚೆಗೆ ವಿಚಾರಿಸುವುದಿಲ್ಲ. ಒಬ್ಬ ಹುಡುಗಿ ತಿಂಗಳುಗಟ್ಟಲೆ ಸರಿಯಾಗಿ ಉಣ್ಣದೆ ಇದ್ದೂ ಯಾರ ಅನುಮಾನಕ್ಕೂ ಒಳಗಾಗದೆ ಇರಲು ಈ ಒಂದೇ ಪದ ಸಾಕಾಗುತ್ತದೆ.

ಪತ್ರಿಕೆಗಳು ಈ ಕಾಯಿಲೆಗಳನ್ನು 'ಆಹಾರ ಸೇವನೆಯ ಅಸ್ವಸ್ಥತೆಗಳು' ಎಂದು ಕರೆಯುತ್ತವೆ, ವೈದ್ಯರು ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ, ಮನೆಗಳಲ್ಲಿ ಇವಕ್ಕೆ ಹೆಸರೇ ಇಲ್ಲ. ಹೆಸರಿಲ್ಲದ್ದನ್ನು ಗುರುತಿಸುವುದು ಕಷ್ಟವಾದ್ದರಿಂದ ಮುಖ್ಯವಾದ ಮೂರನ್ನು ಹೇಳಿಬಿಡುತ್ತೇನೆ. ಅನೊರೆಕ್ಸಿಯಾ ನರ್ವೋಸಾ ಎಂಬುದರಲ್ಲಿ ವ್ಯಕ್ತಿ ದೇಹಕ್ಕೆ ಬೇಕಾದಷ್ಟು ಆಹಾರವನ್ನು ಪಟ್ಟುಹಿಡಿದು ನಿರಾಕರಿಸುತ್ತಾನೆ. ಬುಲಿಮಿಯಾ ನರ್ವೋಸಾದಲ್ಲಿ ಹಿಡಿತವಿಲ್ಲದೆ ಬಹಳಷ್ಟು ತಿನ್ನುವುದು, ಆಮೇಲೆ ಅದನ್ನು ವಾಂತಿಯಿಂದಲೋ ಉಪವಾಸದಿಂದಲೋ ಮತ್ತೊಂದರಿಂದಲೋ ಸರಿದೂಗಿಸಲು ಹೆಣಗುವುದು, ಎರಡೂ ಚಕ್ರದಂತೆ ತಿರುಗುತ್ತಿರುತ್ತವೆ. ಬಿಂಜ್ ಈಟಿಂಗ್‌ನಲ್ಲಿ ಹಾಗೆಯೇ ಹಿಡಿತವಿಲ್ಲದೆ ತಿಂದರೂ ಸರಿದೂಗಿಸುವ ಪ್ರಯತ್ನವಿರುವುದಿಲ್ಲ, ನಾಚಿಕೆ ಮಾತ್ರ ಇರುತ್ತದೆ. ಮೂರರಲ್ಲಿಯೂ ಹಸಿವು ಮತ್ತು ಊಟದ ನಡುವಿನ ಸಹಜ ಸಂಬಂಧ ಮುರಿದಿರುತ್ತದೆ. ತಟ್ಟೆಯ ಮುಂದೆ ಕೂತವರ ಮನಸ್ಸಿನಲ್ಲಿ ರುಚಿಗಿಂತ ಲೆಕ್ಕ, ಭಯ ಮತ್ತು ಅಪರಾಧಭಾವ ಮೇಲುಗೈ ಪಡೆದಿರುತ್ತವೆ.

ಇದು ಸಿನಿಮಾ ಮತ್ತು ಫ್ಯಾಷನ್‌ಗಳು ತಂದ ಹೊಸ ರೋಗವೆಂದು ಕೆಲವರು ತಿಳಿದಿದ್ದಾರೆ. ಆದರೆ ಲಂಡನ್ನಿನ ವೈದ್ಯ ರಿಚರ್ಡ್ ಮಾರ್ಟನ್ 1689ರಲ್ಲಿ ಕ್ಷಯದ ಕುರಿತು ಬರೆದ ಗ್ರಂಥದಲ್ಲಿಯೇ ಹದಿನೆಂಟರ ವಯಸ್ಸಿನ ಹುಡುಗಿಯೊಬ್ಬಳ ವಿವರಣೆ ಇದೆ. ಮುಟ್ಟು ನಿಂತಿತ್ತು, ಹಸಿವು ಹೋಗಿತ್ತು, ಮೂಳೆಗೆ ಚರ್ಮ ಹೊದಿಸಿದಂತೆ ಆಗಿದ್ದಳು. ಆದರೆ ಕೆಮ್ಮಿರಲಿಲ್ಲ, ಜ್ವರವಿರಲಿಲ್ಲ. ಇಷ್ಟಾಗಿಯೂ ರಾತ್ರಿಯೆಲ್ಲ ಪುಸ್ತಕ ಹಿಡಿದು ಓದುತ್ತಿದ್ದಳು. ಕೆಲವು ದಿನ ಔಷಧ ತೆಗೆದುಕೊಂಡು ಬೇಸತ್ತು ಬಿಟ್ಟಳು, ಸುಮಾರು ಮೂರು ತಿಂಗಳ ನಂತರ ಮೂರ್ಛೆ ಬಂದು ತೀರಿಕೊಂಡಳು. ಇದನ್ನು ಓದುವಾಗಲೆಲ್ಲ ನನಗೆ ನಮ್ಮ ದ್ವಿತೀಯ ಪಿಯುಸಿಯ ಮಕ್ಕಳ ನೆನಪಾಗುತ್ತದೆ. ಆಕೆ ಕ್ಷಯದ ಪುಸ್ತಕದಲ್ಲಿ ಸೇರಿಕೊಂಡದ್ದೂ ಆಕಸ್ಮಿಕವಲ್ಲ. ಇಂದಿಗೂ ನಮ್ಮಲ್ಲಿ ಹೀಗೆ ಕೃಶರಾದ ಮಕ್ಕಳಿಗೆ ಮೊದಲು ಆಗುವುದು ಕಫ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ. ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರು ಬಂದದ್ದು 1870ರ ದಶಕದಲ್ಲಿ, ಲಂಡನ್ನಿನ ವೈದ್ಯ ವಿಲಿಯಂ ಗಲ್ ಅವರಿಂದ. ಬುಲಿಮಿಯಾವನ್ನು ಪ್ರತ್ಯೇಕ ಕಾಯಿಲೆಯೆಂದು ಮನೋವೈದ್ಯ ಜೆರಾಲ್ಡ್ ರಸೆಲ್ ವಿವರಿಸಿದ್ದು 1979ರಲ್ಲಿ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ತೀರ ತೆಳ್ಳಗಿದ್ದವರಿಗೆ ಮಾತ್ರ ಈ ಕಾಯಿಲೆ ಇರುತ್ತದೆ ಎಂಬ ನಂಬಿಕೆ ಅಪಾಯಕಾರಿ. ಬುಲಿಮಿಯಾ ಇರುವವರಲ್ಲಿ ಬಹುಪಾಲು ಜನರ ತೂಕ ನನ್ನ ನಿಮ್ಮ ತೂಕದಂತೆಯೇ ಇರುತ್ತದೆ. ದಪ್ಪಗಿದ್ದ ಹುಡುಗನೊಬ್ಬ ನಾಲ್ಕೈದು ತಿಂಗಳಲ್ಲಿ ಹಲವು ಕಿಲೋ ಇಳಿದು ಚಾರ್ಟಿನ ಪ್ರಕಾರ 'ನಾರ್ಮಲ್' ಎನಿಸಿಕೊಂಡರೂ ಅವನ ಹೃದಯದ ಬಡಿತ ಮತ್ತು ರಕ್ತದ ಲವಣಗಳು ಎಲುಬು ಕಾಣುವ ರೋಗಿಯಷ್ಟೇ ಏರುಪೇರಾಗಿರಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ರೋಗನಿದಾನದ ಕೈಪಿಡಿಯನ್ನು ಪರಿಷ್ಕರಿಸಿದಾಗ ಇಂಥ ಸ್ಥಿತಿಯನ್ನು ಹೆಸರಿಸಿತು. ಅನೊರೆಕ್ಸಿಯಾ ಎನ್ನಲು ಮುಟ್ಟು ನಿಂತಿರಲೇಬೇಕು ಎಂಬ ನಿಯಮವನ್ನೂ ಆಗಲೇ ಕೈಬಿಟ್ಟಿತು. ತೂಕ ಬಿದ್ದದ್ದು ಎಲ್ಲರ ಕಣ್ಣಿಗೆ ಕಾಣುವ ಹೊತ್ತಿಗೆ ಕಾಯಿಲೆ ಬಹಳ ದೂರ ನಡೆದುಬಂದಿರುತ್ತದೆ. ಅದಕ್ಕೂ ಮುಂಚೆ ನೆಂಟರಿಷ್ಟರೆಲ್ಲ ಸೇರಿ 'ಎಷ್ಟು ಸಣ್ಣ ಆಗಿದ್ದೀಯಲ್ಲ, ಚೆನ್ನಾಗಿ ಕಾಣ್ತೀಯ' ಎಂದು ಹೊಗಳಿರುತ್ತಾರೆ. ಆ ಹೊಗಳಿಕೆ ಕಾಯಿಲೆಗೆ ಗೊಬ್ಬರ ಹಾಕಿದಂತೆ.

ಹಾಗಾದರೆ ನೋಡಬೇಕಾದದ್ದು ಏನನ್ನು? ಊಟದ ಸುತ್ತ ನಡೆಯುವ ವರ್ತನೆಯಲ್ಲಿ ಆದ ಬದಲಾವಣೆಯನ್ನು, ಮತ್ತು ಆ ಬದಲಾವಣೆಗೆ ದೊರೆಯುವ ಕಾರಣಗಳನ್ನು. ಇಲ್ಲಿ ನಾನು ನನ್ನದೇ ತಪ್ಪೊಂದನ್ನು ಹೇಳಬೇಕು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಹದಿನಾರು ವರ್ಷದ ಹುಡುಗಿಯನ್ನು ಆಕೆಯ ತಾಯಿ ಕರೆತಂದಿದ್ದರು. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಅನ್ನ ಸೇರುವುದಿಲ್ಲ. ನಾನು ಗ್ಯಾಸ್ಟ್ರಿಕ್ ಎಂದು ಮಾತ್ರೆ ಬರೆದೆ, ಎರಡನೆಯ ಸಲ ಜಂತುಹುಳುವಿಗೆ ಬರೆದೆ, ಮೂರನೆಯ ಸಲ ಥೈರಾಯ್ಡ್ ಪರೀಕ್ಷೆ ಮಾಡಿಸಿ ಎಂದೆ. ಹೊರಡುವಾಗ ಆ ತಾಯಿ ಬಾಗಿಲ ಬಳಿ ನಿಂತು, ಹೇಳಲೋ ಬೇಡವೋ ಎಂಬಂತೆ, 'ಡಬ್ಬಿ ಮಾತ್ರ ದಿನಾ ಖಾಲಿಯಾಗಿಯೇ ಬರುತ್ತೆ ಡಾಕ್ಟ್ರೇ, ತೊಳೆದುಕೊಂಡೇ ಬರ್ತಾಳೆ' ಎಂದರು. ಮನೆಯಲ್ಲಿ ಒಂದು ಲೋಟವನ್ನೂ ತೊಳೆಯದ ಮಗಳು ಕಾಲೇಜಿನಿಂದ ಟಿಫಿನ್ ಡಬ್ಬಿಯನ್ನು ತೊಳೆದು ತರುತ್ತಿದ್ದುದು ಅವರಿಗೆ ವಿಚಿತ್ರವೆನಿಸಿತ್ತು. ನನಗೆ ಅನಿಸಲಿಲ್ಲ. ಒಳ್ಳೆಯ ಅಭ್ಯಾಸ ಎಂದು ನಕ್ಕು ಮುಂದಿನ ರೋಗಿಯನ್ನು ಕರೆದೆ. ಆರು ತಿಂಗಳ ನಂತರ ಆ ಹುಡುಗಿ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಕುಸಿದುಬಿದ್ದಾಗ ನಾಡಿ ನಿಮಿಷಕ್ಕೆ ನಲವತ್ತರ ಆಸುಪಾಸಿನಲ್ಲಿತ್ತು.

ಆಕೆ ಒಮ್ಮೆಯೂ 'ನಾನು ದಪ್ಪಗಿದ್ದೇನೆ' ಎಂದಿರಲಿಲ್ಲ. ನಾನು ತಪ್ಪಿದ್ದು ಅಲ್ಲಿಯೇ. ಪಶ್ಚಿಮದ ಪಠ್ಯಗಳಲ್ಲಿ ದಪ್ಪವಾಗುವ ಭಯವೇ ಈ ರೋಗದ ಹೆಗ್ಗುರುತು. ಆದರೆ 1990ರ ದಶಕದಲ್ಲಿ ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ ತಮ್ಮ ರೋಗಿಗಳಲ್ಲಿ ಅನೇಕರು ಆ ಭಯವನ್ನು ಹೇಳದೆ ಹೊಟ್ಟೆ ಉಬ್ಬರವನ್ನೇ ಕಾರಣವಾಗಿ ಕೊಡುತ್ತಾರೆ ಎಂದು ತೋರಿಸಿದರು. 1995ರಲ್ಲಿ ದೆಹಲಿಯ ವೈದ್ಯರು ಪ್ರಕಟಿಸಿದ ಐವರು ಯುವತಿಯರ ವರದಿಯೂ ಇದೇ ದಿಕ್ಕಿನದು. ನಮ್ಮ ಮಕ್ಕಳು ಆಡುವ ಮಾತು 'ಸೇರಲ್ಲ', 'ಹೊಟ್ಟೆ ಭಾರ', 'ವಾಕರಿಕೆ', 'ಗ್ಯಾಸ್ಟ್ರಿಕ್'. ಈ ದೂರುಗಳು ಸುಳ್ಳಲ್ಲ ಎಂಬುದನ್ನೂ ಗಮನಿಸಬೇಕು. ತಿಂಗಳುಗಟ್ಟಲೆ ಕಡಿಮೆ ತಿಂದವರ ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಆದ್ದರಿಂದ ಸ್ವಲ್ಪ ತಿಂದರೂ ನಿಜವಾಗಿಯೇ ಉಬ್ಬರವಾಗುತ್ತದೆ. ಉಣ್ಣದೆ ಇದ್ದದ್ದರ ಫಲವು ಉಣ್ಣದಿರುವುದಕ್ಕೆ ಕಾರಣವಾಗಿ ಬಂದು ನಿಲ್ಲುತ್ತದೆ. ಕಾರಣ ಪ್ರತಿ ತಿಂಗಳೂ ಬದಲಾಗುತ್ತಿದ್ದು, ತಟ್ಟೆಯಲ್ಲಿನ ಆಹಾರ ಮಾತ್ರ ಪ್ರತಿ ತಿಂಗಳೂ ಕಡಿಮೆಯಾಗುತ್ತಿದ್ದರೆ ಎಚ್ಚರಗೊಳ್ಳಿ.

ಇನ್ನೊಂದು ಮರೆ ಉಪವಾಸದ್ದು. ಈ ಬಗ್ಗೆ ಮಾತನಾಡುವಾಗ ಯಾರ ಶ್ರದ್ಧೆಗೂ ನೋವಾಗಬಾರದು ಎಂಬ ಎಚ್ಚರ ನನಗಿದೆ, ನಮ್ಮ ಮನೆಯಲ್ಲಿಯೂ ಏಕಾದಶಿ ನಡೆಯುತ್ತದೆ. 1989ರಲ್ಲಿ ಮನೋವೈದ್ಯರಾದ ಮೈಕೇಲ್ ಕಿಂಗ್ ಮತ್ತು ದಿನೇಶ್ ಭುಗ್ರಾ ಉತ್ತರ ಭಾರತದ ಶಾಲಾ ಹುಡುಗಿಯರಿಗೆ ಊಟದ ಕುರಿತ ಪಾಶ್ಚಾತ್ಯ ಪ್ರಶ್ನಾವಳಿಯೊಂದನ್ನು ಕೊಟ್ಟಾಗ ಕೆಲವು ಪ್ರಶ್ನೆಗಳನ್ನು ಆ ಹುಡುಗಿಯರು ತಮ್ಮ ಧಾರ್ಮಿಕ ಮತ್ತು ಸಾಂಸ್ಕೃತಿಕ ಹಿನ್ನೆಲೆಯಲ್ಲಿ ಬೇರೆಯದೇ ಅರ್ಥದಲ್ಲಿ ತೆಗೆದುಕೊಂಡಿದ್ದರು. ಉಪವಾಸವನ್ನೆಲ್ಲ ರೋಗವೆನ್ನುವುದು ಮೂರ್ಖತನ. ಆದರೆ ವ್ರತಕ್ಕೂ ಕಾಯಿಲೆಗೂ ಇರುವ ವ್ಯತ್ಯಾಸ ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡದೆಯೇ ತಿಳಿದಿತ್ತು. ವ್ರತಕ್ಕೆ ಪಂಚಾಂಗವಿದೆ: ಏಕಾದಶಿ ತಿಂಗಳಿಗೆ ಎರಡು, ಸಂಕಷ್ಟಿ ಒಂದು. ವ್ರತಕ್ಕೆ ಪಾರಣೆ ಇದೆ, ರೋಜಾಕ್ಕೆ ಇಫ್ತಾರ್ ಇದೆ. ಮುರಿಯುವ ಹೊತ್ತಿನ ಊಟವೂ ವ್ರತದ್ದೇ ಭಾಗ, ಅದರಲ್ಲಿ ಸಂತೋಷವಿರುತ್ತದೆ, ಜೊತೆಗೆ ಜನರಿರುತ್ತಾರೆ. ಜ್ವರ ಬಂದವರಿಗೆ, ಬಸುರಿಯರಿಗೆ, ಪರೀಕ್ಷೆ ಬರೆಯುವ ಮಕ್ಕಳಿಗೆ ಹಿರಿಯರು ವಿನಾಯಿತಿ ಕೊಡುತ್ತಾರೆ, ಅವರು ಅದನ್ನು ತೆಗೆದುಕೊಳ್ಳುತ್ತಾರೆ. ಕಾಯಿಲೆಯ ಉಪವಾಸದಲ್ಲಿ ಸೋಮವಾರಕ್ಕೆ ಗುರುವಾರ ಸೇರುತ್ತದೆ, ಗುರುವಾರಕ್ಕೆ ಶನಿವಾರ ಸೇರುತ್ತದೆ, ಒಪ್ಪೊತ್ತಿನ ಊಟ ನಿತ್ಯದ ನಿಯಮವಾಗುತ್ತದೆ. ಪಾರಣೆಯ ದಿನ ತಲೆನೋವು ಬರುತ್ತದೆ. 'ಇವತ್ತು ಬಿಡಮ್ಮ, ದೇವರು ಏನೂ ಅನ್ನಲ್ಲ' ಎಂದು ಅಜ್ಜಿಯೇ ಹೇಳಿದರೂ ಆ ಹುಡುಗಿಗೆ ಬಿಡಲಾಗುವುದಿಲ್ಲ. ಮಗಳಿಗೆ ಭಕ್ತಿ ಹೆಚ್ಚಾಗಿದೆ ಎಂದು ಹೆಮ್ಮೆ ಪಡುವ ಮುನ್ನ ಆಕೆ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಾಳೋ, ಕರವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಾಳೋ ನೋಡಿ.

ಎಲ್ಲಕ್ಕಿಂತ ಹೆಚ್ಚು ದಾರಿತಪ್ಪಿಸುವ ಲಕ್ಷಣ ಮತ್ತೊಂದಿದೆ: ಊಟ ಬಿಟ್ಟವರಿಗೆ ಅಡುಗೆಯ ಮೇಲೆ ಹುಟ್ಟುವ ಅತಿಯಾದ ಆಸಕ್ತಿ. ಇದು ಅರ್ಥವಾಗಲು ಎರಡನೆಯ ಮಹಾಯುದ್ಧದ ಕಾಲದ ಒಂದು ಪ್ರಯೋಗವನ್ನು ತಿಳಿಯಬೇಕು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944 ಮತ್ತು 1945ರಲ್ಲಿ 36 ಮಂದಿ ಯುವಕರನ್ನು ಅಧ್ಯಯನಕ್ಕೆ ಒಳಪಡಿಸಿದರು. ಯುದ್ಧದಲ್ಲಿ ಕೊಲ್ಲಲು ಒಪ್ಪದೆ, ಬದಲಿಗೆ ಈ ಸೇವೆಗೆ ಸ್ವಇಚ್ಛೆಯಿಂದ ಬಂದವರು ಅವರು. ದೇಹ ಮನಸ್ಸು ಎರಡೂ ಗಟ್ಟಿಯಾಗಿವೆ ಎಂದು ಪರೀಕ್ಷಿಸಿಯೇ ಆರಿಸಲಾಗಿತ್ತು. 24 ವಾರಗಳ ಕಾಲ ಅವರಿಗೆ ಅರೆಹೊಟ್ಟೆಯ ಆಹಾರ ಕೊಡಲಾಯಿತು, ದೇಹದ ತೂಕದ ಸುಮಾರು ಕಾಲುಭಾಗ ಇಳಿಯಿತು. ಆಗ ಕಂಡದ್ದೇನು? ಅಡುಗೆಯಲ್ಲಿ ಎಂದೂ ಆಸಕ್ತಿ ಇಲ್ಲದಿದ್ದ ಗಂಡಸರು ಅಡುಗೆ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು, ಹಗಲಿರುಳು ಊಟದ ವಿಚಾರವನ್ನೇ ಮಾತನಾಡಿದರು, ಒಂದು ಸಣ್ಣ ಊಟವನ್ನು ಗಂಟೆಗಟ್ಟಲೆ ಎಳೆದು, ಕಲಸಿ, ಚೂರು ಮಾಡಿ ತಿಂದರು, ತಟ್ಟೆ ನೆಕ್ಕಿದರು, ಕಾಫಿ ಟೀ ಮಿತಿಮೀರಿ ಕುಡಿದರು. ಬೇಸಿಗೆಯಲ್ಲೂ ಚಳಿಯೆಂದರು. ಸಿಡುಕಿದರು, ಗೆಳೆಯರಿಂದ ದೂರ ಸರಿದರು. ಅವರಲ್ಲಿ ಯಾರಿಗೂ ಮೊದಲು ಈ ಸ್ವಭಾವವಿರಲಿಲ್ಲ. ಹಸಿವೇ ಅದನ್ನು ತಂದಿತ್ತು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಮನೆಯತ್ತ ತಿರುಗಿ. ರಾತ್ರಿ ಹನ್ನೆರಡರವರೆಗೆ ಅಡುಗೆಯ ವಿಡಿಯೊಗಳನ್ನು ನೋಡುವ, ಭಾನುವಾರ ಕೇಕು ಮಾಡಿ ಇಡೀ ಓಣಿಗೆ ಹಂಚುವ, ತಮ್ಮನಿಗೆ 'ಇನ್ನೊಂದು ಹಾಕ್ಕೋ' ಎಂದು ಒತ್ತಾಯಿಸಿ ಬಡಿಸುವ, ಮತ್ತು ತಾನು 'ಮಾಡುವಾಗಲೇ ರುಚಿ ನೋಡಿ ಹೊಟ್ಟೆ ತುಂಬಿತು' ಎನ್ನುವ ಮಗಳನ್ನು ನಾವು ಗೃಹಿಣಿಯಾಗಲು ತಯಾರಾದವಳೆಂದು ಮೆಚ್ಚುತ್ತೇವೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವುದೇ ಹೆಂಗಸರ ಗುಣವೆಂದು ನಂಬಿದ ಸಮಾಜದಲ್ಲಿ ಆ ಕೊನೆಯ ಊಟ ನಡೆಯಿತೇ ಇಲ್ಲವೇ ಎಂಬುದನ್ನು ಯಾರೂ ನೋಡುವುದಿಲ್ಲ. ಇದು ಹುಡುಗಿಯರಿಗಷ್ಟೇ ಅಲ್ಲ, ನಲವತ್ತು ದಾಟಿದ ಗೃಹಿಣಿಯರಿಗೂ ಅನ್ವಯಿಸುತ್ತದೆ. ಅವರ ಕಾಯಿಲೆಗೆ ಇದಕ್ಕಿಂತ ಭದ್ರವಾದ ಮರೆ ಬೇರೊಂದಿಲ್ಲ. ಮದುವೆ ಮುಂಜಿಗಳಲ್ಲಿ ಓಡಾಡಿ ಬಡಿಸುತ್ತಲೇ ಇದ್ದು ಪಂಕ್ತಿಯಲ್ಲಿ ಎಂದೂ ಕೂರದವರನ್ನು ಒಮ್ಮೆ ಗಮನಿಸಿ.

ಬುಲಿಮಿಯಾದ ಸುಳಿವುಗಳು ಬೇರೆ ರೀತಿಯವು. ಊಟ ಮುಗಿದ ಕೂಡಲೇ ಪ್ರತಿದಿನ ಬಚ್ಚಲಿಗೆ ಹೋಗುವುದು, ಒಳಗೆ ನಲ್ಲಿ ಬಹಳ ಹೊತ್ತು ಸುರಿಯುತ್ತಿರುವುದು, ಡಬ್ಬದಲ್ಲಿದ್ದ ಚಕ್ಕುಲಿ ಉಂಡೆಗಳು ರಾತ್ರೋರಾತ್ರಿ ಕಾಣೆಯಾಗುವುದು, ಹಾಸಿಗೆಯಡಿ ಬಿಸ್ಕತ್ತಿನ ಖಾಲಿ ಪೊಟ್ಟಣಗಳು ಸಿಗುವುದು, ಕೈಖರ್ಚಿನ ಹಣಕ್ಕೆ ಲೆಕ್ಕ ಸಿಗದಿರುವುದು. ಹಾಸ್ಟೆಲಿನಲ್ಲಿ ಇದು ಕಳ್ಳತನದ ದೂರಾಗಿ ವಾರ್ಡನ್ ಮೇಜಿಗೆ ಬರುತ್ತದೆ. ಶಿಕ್ಷೆ ಕೊಡುವ ಮುಂಚೆ ಒಂದು ಕ್ಷಣ ಯೋಚಿಸಿ. ದೇಹದ ಮೇಲಿನ ಗುರುತುಗಳನ್ನು ಹಲವು ಬಾರಿ ಮೊದಲು ಕಾಣುವವರು ದಂತವೈದ್ಯರು. ಜಠರದ ಆಮ್ಲ ಮತ್ತೆಮತ್ತೆ ತಾಗಿ ಮೇಲ್ದವಡೆಯ ಮುಂದಿನ ಹಲ್ಲುಗಳ ಒಳಮೈಯ ಎನಾಮೆಲ್ ಸವೆದಿರುತ್ತದೆ, ಕನ್ನಡಿಯಲ್ಲಿ ಅದು ಕಾಣುವುದಿಲ್ಲ. ಬೆರಳ ಗೆಣ್ಣುಗಳ ಮೇಲಿನ ಗಡಸು ಕಲೆಗೆ ಬುಲಿಮಿಯಾವನ್ನು ವಿವರಿಸಿದ ರಸೆಲ್ ಅವರ ಹೆಸರೇ ಇದೆ. ಕಿವಿಯ ಕೆಳಗಿನ ಜೊಲ್ಲುಗ್ರಂಥಿಗಳು ಊದಿ ಕೆನ್ನೆ ದುಂಡಗಾಗುತ್ತದೆ. ಮನೆಯವರು ಇದನ್ನು ನೋಡಿ 'ಈಗ ಮುಖ ತುಂಬಿಕೊಂಡಿದೆ' ಎಂದು ಸಮಾಧಾನಪಡುವುದನ್ನು ನಾನು ಕಂಡಿದ್ದೇನೆ. ಒಳಗೆ ಪೊಟ್ಯಾಸಿಯಂ ಇಳಿದಿರುತ್ತದೆ, ಅದು ಇಳಿದಾಗ ಹೃದಯದ ಲಯ ತಪ್ಪುತ್ತದೆ. ತೂಕ ಸರಿಯಾಗಿದ್ದವರಲ್ಲಿಯೂ ಸಾವು ಹಠಾತ್ತನೆ ಬರಬಹುದಾದದ್ದು ಈ ದಾರಿಯಿಂದ.

ಅನೊರೆಕ್ಸಿಯಾದಲ್ಲಿ ಮೈ ತಣ್ಣಗಿರುತ್ತದೆ, ಏಪ್ರಿಲ್ ತಿಂಗಳಲ್ಲೂ ಸ್ವೆಟರ್ ಬಿಡುವುದಿಲ್ಲ, ತಲೆಗೂದಲು ಉದುರುತ್ತದೆ, ಆದರೆ ಬೆನ್ನು ತೋಳುಗಳ ಮೇಲೆ ಹಸುಗೂಸಿನ ಮೈಮೇಲಿರುವಂಥ ನಯವಾದ ರೋಮ ಬೆಳೆಯುತ್ತದೆ. ಮುಟ್ಟು ತಪ್ಪಿದಾಗ ಇಂದು ಮೊದಲು ಅಂಟಿಸುವ ಹೆಸರು ಪಿಸಿಓಡಿ, ಅಂದರೆ ಅಂಡಾಶಯದ ತೊಂದರೆ. ಸ್ಕ್ಯಾನ್ ನೋಡದೆಯೇ 'ತೂಕ ಇಳಿಸು' ಎಂಬ ಸಲಹೆಯೂ ಉಚಿತವಾಗಿ ಸಿಗುತ್ತದೆ. ಉಣ್ಣದೆ ಮುಟ್ಟು ನಿಂತ ಹುಡುಗಿಗೆ ಇದಕ್ಕಿಂತ ಕೆಟ್ಟ ಸಲಹೆ ಮತ್ತೊಂದಿಲ್ಲ. ಹೀಗೆ ವರ್ಷಗಟ್ಟಲೆ ಮುಟ್ಟು ನಿಂತವರ ಮೂಳೆ ಇಪ್ಪತ್ತರ ಪ್ರಾಯದಲ್ಲಿಯೇ ಟೊಳ್ಳಾಗುತ್ತದೆ.

ಗಂಡುಮಕ್ಕಳ ವಿಚಾರದಲ್ಲಿ ನಮ್ಮ ಕಣ್ಣು ಇನ್ನೂ ಮಂದ. ದಿನಕ್ಕೆರಡು ಬಾರಿ ಜಿಮ್, ಜ್ವರವಿದ್ದರೂ ತಪ್ಪಿಸಲಾಗದ ಕಸರತ್ತು, ಮನೆಯ ಅನ್ನ ಮುದ್ದೆಯ ಮೇಲೆ ಸಂಪೂರ್ಣ ನಿಷೇಧ, ಒಂದು ದಿನ ತಪ್ಪಿದರೆ ಯಾರೊಡನೆಯೂ ಮಾತಿಲ್ಲ. ಇದನ್ನೆಲ್ಲ ನಾವು ಶಿಸ್ತು ಎನ್ನುತ್ತೇವೆ. ತೂಕದ ವರ್ಗಗಳಿರುವ ಕುಸ್ತಿ, ಬಾಕ್ಸಿಂಗ್‌ಗಳ ತರಬೇತುದಾರರೂ, ಟೈಪ್ 1 ಮಧುಮೇಹವಿದ್ದು ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳ ತಂದೆತಾಯಿಯರೂ ವಿಶೇಷ ಎಚ್ಚರ ವಹಿಸಬೇಕು. ಆ ಮಕ್ಕಳ ಸಕ್ಕರೆ ಕಾರಣವಿಲ್ಲದೆ ಏರುತ್ತ ತೂಕ ಇಳಿಯುತ್ತಿದ್ದರೆ ವೈದ್ಯರಿಗೆ ಈ ಅನುಮಾನವನ್ನೂ ಹೇಳಿ.

ಫೋನಿನ ಪಾತ್ರವನ್ನು ನನ್ನಲ್ಲಿ ಎಲ್ಲರೂ ಕೇಳುತ್ತಾರೆ. ಫಿಜಿ ದ್ವೀಪಗಳಲ್ಲಿ, ನಮ್ಮ ಹಿಂದಿನ ತಲೆಮಾರಿನಂತೆಯೇ, ಮೈಕೈ ತುಂಬಿಕೊಂಡಿದ್ದರೆ ಅದು ಚೆಲುವು. ಅಲ್ಲಿನ ಒಂದು ಪ್ರಾಂತ್ಯಕ್ಕೆ ಟಿವಿ ಬಂದದ್ದು 1995ರಲ್ಲಿ. ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಎಂದ ಶಾಲಾ ಹುಡುಗಿಯರು ಆಗ ಒಬ್ಬರೂ ಇರಲಿಲ್ಲ. 1998ರಲ್ಲಿ ಸಂಶೋಧಕಿ ಆನ್ ಬೆಕರ್ ಮತ್ತೆ ಕೇಳಿದಾಗ ಶೇಕಡ 11.3ರಷ್ಟು ಹುಡುಗಿಯರು ಹೌದೆಂದರು. ಫೋನು ಆ ಟಿವಿಗಿಂತ ಹತ್ತಿರದ್ದು. ಆದರೂ ಮದುವೆ ಮಾತುಕತೆಯಲ್ಲಿ 'ಹುಡುಗಿ ಸ್ವಲ್ಪ ದಪ್ಪ' ಎಂಬ ಮಾತನ್ನು ಆಡುವವರು ನಾವೇ ಹೊರತು ಫೋನಲ್ಲ.

ಅನುಮಾನ ಬಂದರೆ ಹೇಗೆ ಮಾತನಾಡಬೇಕು? ಊಟದ ಹೊತ್ತಿನಲ್ಲಿ ಬೇಡ, ಹತ್ತು ಜನರೆದುರು ಬೇಡ. 'ನನ್ನ ಮೇಲಾಣೆ, ತಿನ್ನು' ಎಂದು ಆಣೆ ಹಾಕುವುದು ನಮ್ಮ ತಾಯಂದಿರ ಕೊನೆಯ ಅಸ್ತ್ರ. ಅದರಿಂದ ಒಂದು ತುತ್ತು ಒಳಗೆ ಹೋಗಬಹುದು, ಆದರೆ ಆ ತುತ್ತಿನ ಜೊತೆ ಅಪರಾಧಭಾವವೂ ಹೋಗುತ್ತದೆ. ಕಂಡದ್ದನ್ನು ಕಂಡಂತೆ ಹೇಳಿ: 'ಹದಿನೈದು ದಿನದಿಂದ ನೀನು ನಮ್ಮ ಜೊತೆ ಊಟಕ್ಕೆ ಕೂತಿಲ್ಲ, ಒಂಟಿಯಾಗಿದ್ದೀಯ ಅನ್ನಿಸ್ತಿದೆ.' ಮೊದಲ ಸಲ ಸಿಟ್ಟು ಬರುತ್ತದೆ, 'ಏನೂ ಇಲ್ಲ' ಎಂಬ ಉತ್ತರ ಬರುತ್ತದೆ. ವಾರ ಬಿಟ್ಟು ಮತ್ತೆ ಕೇಳಿ. ಆ ಮಕ್ಕಳದು ಹಠವಲ್ಲ, ಸೊಕ್ಕಲ್ಲ. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಸಾವು ತರುವವುಗಳಲ್ಲಿ ಅನೊರೆಕ್ಸಿಯಾ ಒಂದು, ಮತ್ತು 2011ರ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ ಆ ಸಾವುಗಳಲ್ಲಿ ಐದರಲ್ಲೊಂದು ಆತ್ಮಹತ್ಯೆ. ಸಾಯುವ ಮಾತು ಬಂದರೆ, ಮೂರ್ಛೆ ಬಿದ್ದರೆ, ನಾಡಿ ಐವತ್ತಕ್ಕಿಂತ ಕೆಳಗಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇಲ್ಲಿ ಒಂದು ಎಚ್ಚರಿಕೆ. ಬಹುಕಾಲ ಉಣ್ಣದವರಿಗೆ ಮನೆಯಲ್ಲಿ ಒಮ್ಮೆಲೇ ತುಪ್ಪ ಹಾಕಿ ಹೊಟ್ಟೆತುಂಬ ಬಡಿಸುವುದು ಪ್ರಾಣಾಪಾಯವಾಗಬಹುದು. ದಿಢೀರನೆ ಆಹಾರ ಬಂದಾಗ ರಕ್ತದಲ್ಲಿನ ಫಾಸ್ಫೇಟ್ ಜೀವಕೋಶಗಳೊಳಗೆ ಸರಿದು ಕುಸಿಯುತ್ತದೆ, ಹೃದಯ ಸೋಲುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಯಿಂದ ಬಿಡುಗಡೆಯಾದ ಹಸಿದ ಕೈದಿಗಳು ಊಟ ಸಿಕ್ಕಿದ ಮೇಲೆ ತೀರಿಕೊಂಡದ್ದು ಹೀಗೆಯೇ. ಆದ್ದರಿಂದ ಮೊದಲ ವಾರಗಳ ಊಟವನ್ನು ವೈದ್ಯರ ಕಣ್ಗಾವಲಿನಲ್ಲಿ ಹಂತಹಂತವಾಗಿ ಹೆಚ್ಚಿಸಬೇಕು. ಅಲ್ಲಿಂದ ಮುಂದೆ ಹದಿಹರೆಯದವರ ಚಿಕಿತ್ಸೆಯಲ್ಲಿ ಹೆಚ್ಚು ಫಲ ಕೊಟ್ಟಿರುವ ವಿಧಾನಗಳಲ್ಲೊಂದು, ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡದ್ದು, ತಂದೆತಾಯಿಯರನ್ನು ದೂರುವುದಿಲ್ಲ. ಪ್ರತಿ ಹೊತ್ತಿನ ಊಟದ ಹೊಣೆಯನ್ನು ಕೆಲಕಾಲ ಅವರ ಕೈಗೇ ಕೊಡುತ್ತದೆ. ನಾನು ಹೇಳಿದ ಹುಡುಗಿಯ ತಂದೆ ನಾಲ್ಕು ತಿಂಗಳು ಮಧ್ಯಾಹ್ನ ಅಂಗಡಿ ಮುಚ್ಚಿ ಮಗಳ ಜೊತೆ ಊಟಕ್ಕೆ ಕೂತರು. ಮಾತು ಕ್ರಿಕೆಟ್ಟಿನದು, ಊಟದ್ದಲ್ಲ. ಈಗ ಆಕೆ ಪದವಿ ಓದುತ್ತಿದ್ದಾಳೆ, ಕೆಲವು ದಿನಗಳು ಇನ್ನೂ ಕಷ್ಟವಾಗಿಯೇ ಇರುತ್ತವೆ.

ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರು 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ, ಉಚಿತ, ಹಗಲೂ ರಾತ್ರಿಯೂ ಲಭ್ಯ, ಕನ್ನಡದಲ್ಲಿಯೇ ಮಾತನಾಡಬಹುದು. ವೈದ್ಯರ ಬಳಿ ಹೋದಾಗ ಗ್ಯಾಸ್ಟ್ರಿಕ್ ಎಂದು ಮಾತ್ರ ಹೇಳಿ ಬರಬೇಡಿ. ತೊಳೆದ ಡಬ್ಬಿಯಂಥ, ನಿಮಗೆ ಸಣ್ಣದೆನಿಸುವ ಸಂಗತಿಯನ್ನು ಬಾಗಿಲ ಬಳಿ ಅಲ್ಲ, ಕುರ್ಚಿಯಲ್ಲಿ ಕೂತು ಮೊದಲು ಹೇಳಿ. ರಕ್ತದ ರಿಪೋರ್ಟ್ ನಾರ್ಮಲ್ ಬಂದರೂ ಕಾಯಿಲೆ ಇಲ್ಲವೆಂದಲ್ಲ ಎಂಬುದು ನಿಮಗೆ ತಿಳಿದಿರಲಿ, ವೈದ್ಯರಿಗೂ ನೆನಪಿಸಿ.

ಪ್ರಶ್ನೆಗಳಿಗೆ ಅರ್ಧ ಗಂಟೆ ಇದೆ. ಸಭೆಯಲ್ಲಿ ಎದ್ದುನಿಂತು ಕೇಳಲು ಸಂಕೋಚವಿರುವವರು ಚೀಟಿಯಲ್ಲಿ ಬರೆದು ಕೊಡಬಹುದು. ಹೆಸರು ಬರೆಯುವುದು ಬೇಡ.